ಆರೂವರೆ

ಗಲ್ಲಕ್ಕೆ ಕಟ್ಟಿದ್ದ ಬಿಳಿ ಬಟ್ಟೆ ಸಡಿಲವಾಗಿ ತಾಯಿಯ ಬಾಯಿ ಮತ್ತೆ ತೆರೆದುಕೊಂಡಿತ್ತು. ಹೇಮಶ್ರೀ ಗಂಟು ಬಿಚ್ಚಿ, ನೆತ್ತಿಯ ಮೇಲೆ ಇನ್ನೊಮ್ಮೆ ಬಿಗಿಯುತ್ತಿದ್ದಳು. ಸೋದರತ್ತೆ ಇಂದ್ರಮ್ಮ ಹೆಣದ ಎರಡೂ ಭುಜಗಳನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಸ್ನಾನ ಮಾಡಿಸಿ, ಹಸಿರು ರೇಷ್ಮೆ ಸೀರೆ ಉಡಿಸಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದು ಪ್ರೇಮಲೀಲಾ ಅವರನ್ನು ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿಯಾಗಿತ್ತು. ಕುತ್ತಿಗೆ ಮಾತ್ರ ನಿಲ್ಲುತ್ತಿರಲಿಲ್ಲ, ಎಡಕ್ಕೆ ವಾಲುತ್ತಿತ್ತು. ಹಿಂದಿನ ದಿನ ಬೆಳಿಗ್ಗೆ ಹಾಲು ತರಲು ಹೋದವರು ಬೂತಿನ ಮುಂದೆಯೇ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಸೇರುವ ಹೊತ್ತಿಗೆ ಉಸಿರಿರಲಿಲ್ಲ. ಐವತ್ತೆಂಟು ವರ್ಷ.

ಹೊರಗೆ ಗೂಡ್ಸ್ ಆಟೋ ಬಂದು ನಿಂತ ಸದ್ದಾಯಿತು. "ಎಡಗಡೆ ಸ್ವಲ್ಪ ಮೇಲಕ್ಕೆ ಎಳೀರಿ. ನಂಬರ್ ಕಾಣ್ಬೇಕು, ನಂಬರ್" ಎಂದು ಯಾರೋ ಹೇಳುತ್ತಿದ್ದರು. ದನಿ ಗುರುತು ಸಿಕ್ಕಿ ಹೇಮಶ್ರೀ ಎದ್ದು ಬಾಗಿಲಿಗೆ ಬಂದಳು.

ನಜರ್‌ಬಾದಿನ ಆ ಗಲ್ಲಿಯಲ್ಲಿ ಮನೆಯ ಕಾಂಪೌಂಡಿಗೂ ವಿದ್ಯುತ್ ಕಂಬಕ್ಕೂ ನಡುವೆ ಅಮರೇಶ್ ಫ್ಲೆಕ್ಸ್ ಕಟ್ಟಿಸುತ್ತಿದ್ದ. ವಿಜಯನಗರದಲ್ಲಿ ಹೊರದೇಶಕ್ಕೆ ಹೋಗುವ ನರ್ಸುಗಳಿಗೆ ಇಂಗ್ಲಿಷ್ ಪರೀಕ್ಷೆಗೆ ತರಬೇತಿ ಕೊಡುವ 'ಸಪ್ತಸಾಗರ ಅಕಾಡೆಮಿ'ಯ ಮಾಲೀಕ ಅವನು. ಪ್ರೇಮಲೀಲಾ ಅಲ್ಲಿ ಏಳು ವರ್ಷ ಪಾಠ ಮಾಡಿದ್ದರು.

ಫ್ಲೆಕ್ಸಿನಲ್ಲಿ ಅಮ್ಮನ ಹತ್ತು ವರ್ಷದ ಹಿಂದಿನ ಮುಖವಿತ್ತು. ಕುತ್ತಿಗೆಯ ಕೆಳಗೆ ಸೀರೆಯ ಬದಲು ಕರಿ ಕೋಟು ಬಂದಿತ್ತು. ಹುಟ್ಟಿದಾಗಿನಿಂದ ಅಮ್ಮ ಕೋಟು ಹಾಕಿದವಳಲ್ಲ. ಪಕ್ಕದಲ್ಲಿ, ಅಮ್ಮನಿಗಿಂತ ದೊಡ್ಡದಾಗಿ, ಕೈಮುಗಿದು ನಿಂತ ಅಮರೇಶ್. ಕೆಳಗೆ 'ಒಂಬತ್ತಕ್ಕೆ ಎಂಟೂವರೆ ಅಂಕ ಗಳಿಸಿದ ನಮ್ಮ ಸಾಧಕಿ, ನಮ್ಮ ಅಮ್ಮ' ಎಂದೂ, ಅದರ ಕೆಳಗೆ ಇಂಗ್ಲಿಷಿನಲ್ಲಿ 'ಹೆವಿ ಕಂಡೋಲೆನ್ಸಸ್' ಎಂದೂ ಅಚ್ಚಾಗಿತ್ತು. ಕೊನೆಯಲ್ಲಿ ಕೆಂಪು ಪಟ್ಟಿಯೊಳಗೆ ಫೋನ್ ನಂಬರು.

ಮಳೆಗೆ ಹೆವಿ ಅನ್ನುತ್ತಾರೆ, ಕಾಫಿಗೆ ಸ್ಟ್ರಾಂಗ್ ಅನ್ನುತ್ತಾರೆ, ದುಃಖಕ್ಕೆ ಡೀಪ್ ಅನ್ನುತ್ತಾರೆ ಎಂದು ಅಮ್ಮ ಇದೇ ಜಗುಲಿಯಲ್ಲಿ ಕೂತು ನೂರು ಸಲ ಹೇಳಿದ್ದು ಹೇಮಶ್ರೀಯ ಕಿವಿಯಲ್ಲೇ ಇತ್ತು.

"ಹೇಮಾ, ಧೈರ್ಯ ತಗೊಳ್ಳಮ್ಮ" ಎಂದು ಅಮರೇಶ್ ಅವಳ ತಲೆಯ ಮೇಲೆ ಕೈಯಿಟ್ಟ. ಅವನ ಸೆಂಟಿನ ವಾಸನೆ ಒಳಗಿನ ಸುಗಂಧರಾಜದ ವಾಸನೆಯ ಜೊತೆ ಕಲೆಯಿತು. ಅವಳು ತಲೆ ತಪ್ಪಿಸಿಕೊಂಡು ಒಳಗೆ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ಅಪ್ಪ ರುದ್ರಸ್ವಾಮಿ ನಿಂತಿದ್ದರು. ಅವರು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಶಾಮಿಯಾನ, ಕುರ್ಚಿ, ಹೆಣ ಸಾಗಿಸುವ ವ್ಯಾನು, ಬಂದವರಿಗೆ ಇಡ್ಲಿ, ಎಲ್ಲವನ್ನೂ ಅಮರೇಶನೇ ಕಳಿಸಿದ್ದಾನೆ ಎಂದು ಅವರು ಕೃತಜ್ಞತೆಯಿಂದ ಹೇಳಿದರು. ಫ್ಲೆಕ್ಸ್ ತೆಗೆಸಿ ಎಂದು ಹೇಮಶ್ರೀ ಕೇಳಿದಳು.

"ಇರ್ಲಿ ಬುಡಮ್ಮ. ಬೀದಿಯೋರೆಲ್ಲ ನೋಡ್ತಾವ್ರೆ. ದೊಡ್ಡದಾಗಿ ಕಾಣ್ತದೆ."

ಅಪ್ಪನ ಮೀಸೆಯ ಮೇಲೆ ಚಟ್ನಿ ಅಂಟಿತ್ತು. ಅವಳು ಮುಖ ತಿರುಗಿಸಿಕೊಂಡಳು.

*

ಪ್ರೇಮಲೀಲಾ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪಿಯುಸಿವರೆಗೆ. ಇಂಗ್ಲಿಷ್ ಕಲಿತದ್ದು ಮದುವೆಯಾದ ಮೇಲೆ, ಗಂಡ ತರುತ್ತಿದ್ದ ಪೇಪರುಗಳಿಂದ. ಬಸ್ಸಿನ ಸೀಟಿನಲ್ಲಿ ಜನ ಬಿಟ್ಟುಹೋದ ಇಂಗ್ಲಿಷ್ ಪೇಪರುಗಳನ್ನು ರುದ್ರಸ್ವಾಮಿ ಡಬ್ಬಿಗಳಿಗೆ ಹಾಸಲು ಆಗುತ್ತದೆಂದು ಮನೆಗೆ ತರುತ್ತಿದ್ದರು. ಆಕೆ ಹಾಸುವ ಮೊದಲು ಓದುತ್ತಿದ್ದರು. ಯಾವ ಪದದ ಪಕ್ಕ ಯಾವ ಪದ ಬಂದು ಕೂರುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಎರಡು ವರ್ಷವಾದ ಮೇಲೆ ಬಡಾವಣೆಯ ಒಂದು ಸಣ್ಣ ಶಾಲೆಯಲ್ಲಿ ಐದನೇ ತರಗತಿಗೆ ಇಂಗ್ಲಿಷ್ ಹೇಳಿಕೊಡಲು ಸೇರಿದರು. ಅಮರೇಶ್ ಅಲ್ಲಿ ಅವರ ವಿದ್ಯಾರ್ಥಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ಅವನೇ ಬಂದು, ಅಕಾಡೆಮಿ ಶುರು ಮಾಡಿದ್ದೇನೆ, ನರ್ಸ್‌ಗಳಿಗೆ ನೀವೇ ಹೇಳಿಕೊಡಬೇಕು ಎಂದು ಕರೆದುಕೊಂಡು ಹೋದ.

ಅವರ ಪಾಠಕ್ಕೆ ನರ್ಸುಗಳು ಡ್ಯೂಟಿ ಬದಲಾಯಿಸಿಕೊಂಡು ಬರುತ್ತಿದ್ದರು. ಮೊದಲ ದಿನವೇ ಆಕೆ ಹೇಳುವುದು ಹೀಗೆ.

"ನಾವು ಊಟ ಮಾಡ್ತೀವಿ. ಆದ್ರೆ ಕಾಫಿ ಮಾಡ್ದೆ ಅಂದ್ರೆ ಕುಡಿದೆ ಅಂತಲ್ಲ, ಒಲೆ ಮುಂದೆ ನಿಂತಿದ್ದೆ ಅಂತ. ಯಾಕೆ ಅಂತ ಯಾರಾದ್ರೂ ಹೇಳ್ಕೊಟ್ರಾ? ಇಲ್ಲ. ಕಿವಿಗೆ ಬಿತ್ತು, ಬಾಯಿಗೆ ಬಂತು. ಇಂಗ್ಲಿಷ್‌ನೋರೂ ಅಷ್ಟೇ ಕಣ್ರಮ್ಮ. ತಪ್ಪನ್ನ 'ಮೇಕ್' ಮಾಡ್ತಾರೆ, ಮನೆಗೆಲಸಾನ 'ಡೂ' ಮಾಡ್ತಾರೆ."

ಇವಕ್ಕೆ ಅವರು ಜೋಡಿಪದಗಳೆಂದು ಹೆಸರಿಟ್ಟಿದ್ದರು. ಕ್ರಿಯಾಪದದ ಹಿಂದೆ ಚಿಕ್ಕ ಪದ ಅಂಟಿಕೊಂಡು ಅರ್ಥವನ್ನೇ ತಿರುಗಿಸಿಬಿಡುವಂಥವು ಬಾಲದ ಪದಗಳು. ನಮ್ಮಲ್ಲೂ ತಿಂದ ಬೇರೆ, ತಿಂದುಬಿಟ್ಟ ಬೇರೆ ಅಲ್ಲವೆ ಎನ್ನುತ್ತಿದ್ದರು. ಗಿವ್ ಅಪ್ ಅಂದರೆ ಕೈಬಿಡುವುದು, ಗಿವ್ ಇನ್ ಅಂದರೆ ಮಣಿಯುವುದು, ಗಿವ್ ಅವೇ ಅಂದರೆ ಕೊಟ್ಟುಬಿಡುವುದು. ಸಿಂಚನ ಎಂಬ ನರ್ಸೊಬ್ಬಳು ತಾನು ನಾಲ್ಕು ವರ್ಷದ ಹಿಂದೆ ಕಾಲೇಜಿನಿಂದ 'ಪಾಸ್ ಔಟ್' ಆದೆ ಎಂದಾಗ, ಪರೀಕ್ಷೆ ಮಾಡುವವರು ನೀನು ಕಾಲೇಜಿನಲ್ಲಿ ಮೂರ್ಛೆ ಬಿದ್ದೆ ಎಂದುಕೊಳ್ಳುತ್ತಾರೆ ಎಂದು ಹೇಳಿ ಇಡೀ ತರಗತಿಯನ್ನು ನಗಿಸಿದ್ದರು.

ಐದನೇ ವರ್ಷ ಅಮರೇಶ್ ಅಕಾಡೆಮಿಯ ಮುಂದೆ ಹೊಸ ಬೋರ್ಡು ಹಾಕಿಸಿದ. ಅದರಲ್ಲಿ ಪ್ರೇಮಲೀಲಾ ಅವರ ಚಿತ್ರದ ಕೆಳಗೆ ಎಂಟೂವರೆ ಎಂದು ಬರೆಸಿದ್ದ. ಆಕೆ ಆ ಪರೀಕ್ಷೆಯನ್ನು ಬರೆದೇ ಇರಲಿಲ್ಲ. ಕೇಳಿದ್ದಕ್ಕೆ, ಬರೆದಿದ್ದರೆ ಬರ್ತಿತ್ತು ತಾನೆ ಎಂದು ನಕ್ಕ. ನರ್ಸುಗಳಿಗೆ ಏಳು ಬರಬೇಕು. ಆರೂವರೆಗೆ ನಿಂತುಹೋದವರು ಎಂಟೂವರೆಯ ಮೇಡಂ ಹತ್ತಿರ ಬಂದು, ಪರೀಕ್ಷೆಯ ಕೋಣೆ ಹೇಗಿರುತ್ತದೆ, ಮಾತಾಡಿಸುವವರು ಮುಖ ನೋಡುತ್ತಾರಾ, ಬರೆದುಕೊಳ್ಳುತ್ತಾರಾ ಎಂದು ಕೇಳುತ್ತಿದ್ದರು. ಪ್ರೇಮಲೀಲಾ ತರಗತಿಯ ಬೋರ್ಡಿನ ಕಡೆ ತಿರುಗಿ ಏನನ್ನೋ ಅಳಿಸುತ್ತಿದ್ದರು.

*

ಹನ್ನೊಂದು ಗಂಟೆಗೆ ಅಕಾಡೆಮಿಯ ಹುಡುಗಿಯರು ಬಂದರು. ಹದಿನೈದು ಜನ, ಎಲ್ಲರೂ ಸಂಸ್ಥೆಯ ನೀಲಿ ಟೀಶರ್ಟಿನಲ್ಲಿ. ಹೆಚ್ಚಿನವರು ಪ್ರೇಮಲೀಲಾ ಅವರನ್ನು ಬದುಕಿದ್ದಾಗ ಕಂಡವರಲ್ಲ. ಅಮರೇಶ್ ಅವರನ್ನು ಹೆಣದ ಎಡಬಲಕ್ಕೆ ಎರಡು ಸಾಲಾಗಿ ನಿಲ್ಲಿಸಿದ. ಭಜನೆಯವರು ತಾಳ ನಿಲ್ಲಿಸಿ ಜಾಗ ಬಿಟ್ಟರು. ಅವನ ಆಫೀಸಿನವನೊಬ್ಬ ಫೋನ್ ಹಿಡಿದು, ಬಲಕ್ಕೆ ಬನ್ನಿ, ಹಾರ ಮುಖಕ್ಕೆ ಅಡ್ಡ ಬರ್ತಿದೆ ಎಂದ. ಅಮರೇಶ್ ತಾನೇ ಬಾಗಿ ಹೆಣದ ಕೊರಳಿನ ಹಾರವನ್ನು ಎರಡು ಬೆರಳಿನಲ್ಲಿ ಸರಿಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಆ ಒರೆಸಿಕೊಂಡದ್ದನ್ನು ಹೇಮಶ್ರೀ ನೋಡಿದಳು.

ಅಮರೇಶ್ ಫೋನಿನ ಕಡೆ ಮುಖ ಮಾಡಿ ಮಾತು ಶುರು ಮಾಡಿದ. ಈ ತಾಯಿ ತನ್ನನ್ನು ಬೆಳೆಸಿದ್ದು, ತಾನು ಈ ತಾಯಿಗೆ ವೇದಿಕೆ ಕೊಟ್ಟದ್ದು, ನೂರಾರು ಹೆಣ್ಣುಮಕ್ಕಳು ಇಂದು ವಿದೇಶದಲ್ಲಿರುವುದು. ಮೈಸೂರಿನ ಒಬ್ಬ ಸಾಮಾನ್ಯ ಗೃಹಿಣಿ ಎಂಟೂವರೆ ತೆಗೆದುಕೊಂಡದ್ದು ಸಾಮಾನ್ಯವಲ್ಲ ಎಂದ.

"ಆರೂವರೆ, ಸರ್."

ಗೋಡೆಯ ಪಕ್ಕ ಕೂತಿದ್ದ ಸಿಂಚನ ಹೇಳಿದ್ದು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದಳು. ದನಿ ಜೋರಾಗಿರಲಿಲ್ಲ, ಆದರೆ ನಡುಮನೆ ಚಿಕ್ಕದು.

*

ಸಿಂಚನ ಆ ದಿನ ತರಗತಿಯಲ್ಲಿದ್ದಳು. ಒಂದೂವರೆ ವರ್ಷದ ಹಿಂದಿನ ಮಾತು.

ಪ್ರೇಮಲೀಲಾ ಮಂಡ್ಯದಲ್ಲಿ ಗೃಹಪ್ರವೇಶವಿದೆ ಎಂದು ಮನೆಯಲ್ಲಿ ಹೇಳಿ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದಿದ್ದರು. ತಿಂಗಳುಗಟ್ಟಲೆ ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ, ಬಸ್ಸಿನ ಕಿಟಕಿಯ ಪಕ್ಕ ಕೂತು, ತಮ್ಮದೇ ಬಾಲದ ಪದಗಳನ್ನು ತಾವೇ ಒಪ್ಪಿಸಿಕೊಂಡಿದ್ದರು. ಪದಗಳು ಕೈಕೊಡಲಿಲ್ಲ. ಕೈಕೊಟ್ಟದ್ದು ಕಂಪ್ಯೂಟರು. ಅವರಿಗೆ ಟೈಪ್ ಮಾಡಿ ಅಭ್ಯಾಸವಿರಲಿಲ್ಲ, ಎರಡನೆಯ ಪ್ರಬಂಧ ಅರ್ಧಕ್ಕೆ ನಿಂತಿತು. ಫಲಿತಾಂಶ ಬಂದ ದಿನ ಪಾಠಕ್ಕೆ ಮೊದಲು ಬೋರ್ಡಿನ ಮೇಲೆ ಆರೂವರೆ ಎಂದು ದೊಡ್ಡದಾಗಿ ಬರೆದು, ಇದು ನನ್ನ ಅಂಕ, ಹೊರಗಿನ ಬೋರ್ಡಿನಲ್ಲಿರುವುದು ನನ್ನದಲ್ಲ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಪರೀಕ್ಷೆಯ ಕೋಣೆ ಹೇಗಿತ್ತು, ಎದುರು ಕೂತವಳು ಹೇಗೆ ಮುಖ ನೋಡದೆ ತಲೆಯಾಡಿಸುತ್ತಿದ್ದಳು, ಎಲ್ಲಿ ಗಂಟಲೊಣಗಿತು ಎಂದು ಒಂದು ಗಂಟೆ ಹೇಳಿದರು. ಏಳು ವರ್ಷದಲ್ಲಿ ಅಂಥ ಪಾಠವನ್ನು ಅವರು ಮಾಡಿರಲಿಲ್ಲ.

ಮುಂದಿನ ಬ್ಯಾಚಿನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನೀವು ವಿಶ್ರಾಂತಿ ತಗೊಳ್ಳಿ ಎಂದು ಅಮರೇಶ್ ಫೋನಿನಲ್ಲಿ ಹೇಳಿದ. ಆಮೇಲೆ ಅವರು ಮನೆಯ ಜಗುಲಿಯಲ್ಲೇ ಐದಾರು ಜನಕ್ಕೆ ಹೇಳಿಕೊಡತೊಡಗಿದರು. ಸಿಂಚನ ಅವರಲ್ಲೊಬ್ಬಳು.

ಫಲಿತಾಂಶ ಬಂದ ದಿನದ ಸಂಜೆ ಸುದ್ದಿ ತಿಳಿದು ಹೇಮಶ್ರೀ ತಾಯಿಯ ಮೇಲೆ ರೇಗಿದ್ದಳು. ಬೀದಿಯವರ ಮುಂದೆ ಹೇಗೆ ತಲೆಯೆತ್ತುವುದು ಎಂದಿದ್ದಳು. ಸುಮ್ಮನಿದ್ದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು, ಆರೂವರೆ ತೆಗೆದುಕೊಂಡವಳು ಏನು ಪಾಠ ಮಾಡುತ್ತಾಳೆ ಎಂದು ಆಡಿಕೊಳ್ಳುವುದಿಲ್ಲವೇ ಎಂದೂ ಕೇಳಿದ್ದಳು. ಪ್ರೇಮಲೀಲಾ ಸೊಪ್ಪು ಬಿಡಿಸುತ್ತಿದ್ದರು.

"ಆ ಬೋರ್ಡ್ ಕೆಳಗೆ ಹಾದು ಒಳಗೋಗೋವಾಗ ದಿನಾ ವಾಕರಿಕೆ ಬರೋದು ಕಣೆ. ಇವತ್ತು ಬರಲಿಲ್ಲ" ಎಂದಿದ್ದರು. ಅಷ್ಟೇ.

*

"ಈಗ ಅದೆಲ್ಲ ಯಾಕಮ್ಮ?" ಅಮರೇಶ್ ಸಿಂಚನಳ ಕಡೆ ತಿರುಗಿ ನಕ್ಕ. "ಹೋದೋರ ವಿಷ್ಯದಲ್ಲಿ ಒಳ್ಳೆ ಮಾತೇ ಆಡ್ಬೇಕು."

ಹೇಮಶ್ರೀ ಅವನನ್ನು ಚಿಕ್ಕಂದಿನಿಂದ ಅಣ್ಣ ಎಂದೇ ಕರೆಯುತ್ತಿದ್ದಳು.

"ಆರೂವರೆ ಒಳ್ಳೆ ಮಾತೇ ಅಮರೇಶ್ ಅವ್ರೆ. ಅದನ್ನ ನಮ್ಮಮ್ಮ ಬರೆದು ತಗೊಂಡಿದ್ದು. ಫ್ಲೆಕ್ಸ್ ಇಳಿಸಿ."

ಅವನು ಅವಳ ಅಪ್ಪನನ್ನು ನೋಡಿದ. ರುದ್ರಸ್ವಾಮಿ ನೆಲ ನೋಡಿದರು. ಯಾರೂ ಏಳಲಿಲ್ಲ. ಹೇಮಶ್ರೀಯೇ ಚಪ್ಪಲಿ ಹಾಕದೆ ಬೀದಿಗೆ ಹೋಗಿ ಕಾಂಪೌಂಡಿನ ಕಡೆಯ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ಪ್ಲಾಸ್ಟಿಕ್ಕಿನ ಹೊಸ ಬಣ್ಣದ ವಾಸನೆ ಬಾಯಿ ತುಂಬಿತು. ಕಂಬದ ಕಡೆಯ ದಾರ ಸಿಂಚನ ಬಿಚ್ಚಿದಳು. ಕೋಟು ತೊಟ್ಟ ಅಮ್ಮ ಮೋರಿಯ ಪಕ್ಕಕ್ಕೆ ಜಾರಿಬಿದ್ದಳು.

ಅಮರೇಶ್ ಸಿಟ್ಟಾಗಲಿಲ್ಲ. ದುಃಖದಲ್ಲಿದಾರೆ ಎಂದು ಸುತ್ತಲಿನವರಿಗೆ ಹೇಳಿದ. ತನ್ನ ಆಫೀಸಿನವನಿಗೆ ಮೆಲ್ಲಗೆ, "ಮಡಚಬೇಡ, ಸುತ್ತು. ಮಡಚಿದ್ರೆ ಗೆರೆ ಬೀಳುತ್ತೆ" ಎಂದ.

ಚಾಮುಂಡಿಬೆಟ್ಟದ ತಪ್ಪಲಿನ ರುದ್ರಭೂಮಿಗೂ ಅವನು ಬಂದ. ಗುಂಡಿಯೊಳಗಿನ ಗೂಡಿನಲ್ಲಿ ಪ್ರೇಮಲೀಲಾ ಅವರನ್ನು ಕೂರಿಸಿ, ಜಂಗಮರು ಮಂತ್ರ ಹೇಳಿ, ವಿಭೂತಿಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಸುತ್ತ ತುಂಬಿ, ಉಪ್ಪು ಸುರಿದು ಮಣ್ಣೆಳೆಯುವಾಗ ಅವನು ಅತ್ತ. ಮೂಗು ಸುರಿಯುವಂತೆ, ಐದನೇ ಕ್ಲಾಸಿನ ಹುಡುಗನಂತೆ ಅತ್ತ. ಅಲ್ಲಿ ಫೋನ್ ಹಿಡಿದವರು ಯಾರೂ ಇರಲಿಲ್ಲ. ಅಳು ನಿಜವಾದದ್ದೆಂದು ಹೇಮಶ್ರೀಗೆ ಗೊತ್ತಾಯಿತು. ಅದು ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಬೀದಿಯವರು ಆಡಿಕೊಳ್ಳುತ್ತಾರೆಂದು ತಾನು ಅಮ್ಮನ ಮೇಲೆ ರೇಗಿದ್ದೂ ನಿಜವಾದ ಪ್ರೀತಿಯಿಂದಲೇ ಎಂದು ಹೊಳೆದು, ಅವಳು ಮಣ್ಣು ಹಾಕಿದ ಕೈಯನ್ನು ತೊಳೆಯಲು ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಳು.

*

ಸಂಜೆ ಸ್ನಾನ ಮುಗಿಸಿ ಬಂದಾಗ ಮನೆಯಲ್ಲಿ ಮೂರೇ ಜನ. ಇಂದ್ರಮ್ಮ ಒಳಗೆ ಮಲಗಿದ್ದರು. ರುದ್ರಸ್ವಾಮಿ ನಡುಮನೆಯಲ್ಲಿ ಕನ್ನಡಕ ಏರಿಸಿಕೊಂಡು ಫೋನ್ ನೋಡುತ್ತಿದ್ದರು. ಮುಖದಲ್ಲಿ ಬೆಳಗಿನಿಂದ ಇಲ್ಲದ ಒಂದು ಕಳೆ ಇತ್ತು.

"ನೋಡಮ್ಮ ಇಲ್ಲಿ. ಎಂಟ್ಸಾವ್ರ ಜನ ನೋಡವ್ರೆ ನಿಮ್ಮಮ್ಮನ್ನ."

ಹೇಮಶ್ರೀ ಪಕ್ಕದಲ್ಲಿ ಕೂತು ನೋಡಿದಳು. ಅಕಾಡೆಮಿ ಹಾಕಿದ್ದ ವಿಡಿಯೊ. ಸಿಂಚನಳ ಮಾತು ಬರದಂತೆ ಇಡೀ ಭಾಷಣವನ್ನೇ ಕತ್ತರಿಸಿ ಹಿನ್ನೆಲೆಗೆ ಕೊಳಲು ಸೇರಿಸಿದ್ದರು. ಮಾತೂ ಇಲ್ಲ, ಅಮರೇಶನೂ ಇಲ್ಲ. ಗೋಡೆಗೆ ಒರಗಿ ಕೂತ ಅಮ್ಮ, ಎಡಬಲಕ್ಕೆ ನೀಲಿ ಟೀಶರ್ಟುಗಳು, ಕೆಳಗೆ ಹರಿಯುವ ಅಕ್ಷರಗಳಲ್ಲಿ ಹೊಸ ಬ್ಯಾಚ್ ಸೋಮವಾರದಿಂದ. ಅಮ್ಮನ ಕೆಳದುಟಿಯ ಮೇಲೆ ಒಂದು ನೊಣ ಕೂತಿತ್ತು. ಚಿತ್ರದ ಅಂಚಿನಿಂದ ಒಂದು ಕೈ ಬಂದು ಅದನ್ನು ಓಡಿಸಿತು. ಬಳೆ ನೋಡಿ ಅದು ತನ್ನ ಕೈಯೆಂದು ಹೇಮಶ್ರೀಗೆ ತಿಳಿಯಿತು. ಕೈ ಹಿಂದೆ ಸರಿದ ಕೂಡಲೇ ವಿಡಿಯೊ ಮುಗಿದು ಮೊದಲಿನಿಂದ ಶುರುವಾಯಿತು. ನೊಣ ತುಟಿಯ ಮೇಲೇ ಇತ್ತು. ಕೈ ಬಂತು, ಓಡಿಸಿತು. ಮತ್ತೆ ನೊಣ ಇತ್ತು. ಅಪ್ಪ ಬೆರಳಿನಿಂದ ಪರದೆಯನ್ನು ಒರೆಸಿ ಫೋನನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದರು. ಕೈ ಬಂತು.