ರೇಡಿಯೊ ಮೇಷ್ಟ್ರ ಕಣ್ಣು

ಮೇಷ್ಟ್ರ ಎಡಗಾಲಿನ ಚಪ್ಪಲಿ ಸರಿಯಾಗಿ ಆ ಗುಳಿಯ ಮೇಲೆ ಕೂತಿದೆ, ಬೆಂಚಿನ ಕಾಲು ವರ್ಷಗಟ್ಟಲೆ ಉಜ್ಜಿ ಉಜ್ಜಿ ನೆಲದಲ್ಲಿ ತೋಡಿದ ಗುಳಿ, ಬೆಳಿಗ್ಗೆ ಕಪ್ಪು ಹಲಗೆಯಿಂದ ಆರು ಮೀಟರು ಅಳೆದಾಗ ಟೇಪಿನ ತುದಿ ಬಂದು ನಿಂತದ್ದೂ ಅಲ್ಲೇ, ಆಗಲೇ ಅವಳಿಗೆ ನಗು ಬಂದಿತ್ತು, ಕುರ್ಚಿ ಹಾಕಲು ಇಡೀ ಕೋಣೆಯಲ್ಲಿ ಇದೊಂದೇ ಜಾಗವೇ, ಹೆಣ್ಣುಮಕ್ಕಳ ಸಾಲಿನಲ್ಲಿ ಕಡೆಯಿಂದ ಎರಡನೇ ಬೆಂಚು, ಗೋಡೆ ಕಡೆಗೆ ಗೆಳತಿ ಗಿಣಿ, ಇತ್ತ ತಾನು, ಮೂವತ್ತೊಂದು ವರ್ಷದ ಹಿಂದೆ ಎರಡು ಜಡೆ ಹಾಕಿಕೊಂಡು ಕತ್ತು ಓರೆ ಮಾಡಿಕೊಂಡು ಕೂರುತ್ತಿದ್ದ ಜಾಗ — ಈಗ ಅಲ್ಲಿ ಲೆಕ್ಕದ ಮೇಷ್ಟ್ರು ಕೂತಿದ್ದಾರೆ, ಬಲಗಣ್ಣಿನ ಮೇಲೆ ಅಂಗೈ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಶುರು ಮಾಡಲಾಮ್ಮಾ ಅನ್ನುತ್ತಿದ್ದಾರೆ. ಮಾಡಿ ಸರ್. ಅವರಿಗೆ ಗುರುತು ಸಿಕ್ಕಿಲ್ಲ, ಸಿಗುವುದಾದರೂ ಹೇಗೆ, ಬಿಳಿ ಕೋಟು, ದಪ್ಪ ಗಾಜಿನ ಕನ್ನಡಕ, ನಲವತ್ತೈದರ ಮೈ, ಕಣ್ಣಾಸ್ಪತ್ರೆಯ ವ್ಯಾನಿನಲ್ಲಿ ಊರೂರು ಸುತ್ತುವ ತನ್ನನ್ನು ಎಲ್ಲ ಕಡೆಯೂ ಜನ ಸಿಸ್ಟರ್ ಅನ್ನುತ್ತಾರೆ, ಇಂಜೆಕ್ಷನ್ ಕೊಡಲು ಬಾರದ ಸಿಸ್ಟರ್ ಎಂದು ಗಂಡ ರೇಗಿಸುತ್ತಾನೆ, ಹೊರಡುವಾಗ ಬುತ್ತಿ ಕಟ್ಟಿಕೊಟ್ಟು ನಿನ್ನ ಸ್ಕೂಲಿಗೇ ಹೋಗ್ತಿದ್ದೀಯಲ್ಲ, ಬೆಂಚಿನ ಮೇಲೆ ನಿಂತ್ಕೋಬೇಡ ಅಂದಿದ್ದ, ನಿಂತಿಲ್ಲ, ಸುಮ್ಮನೆ ಒಮ್ಮೆ ಎಲ್ಲ ಮುಟ್ಟಿ ನೋಡಿದಳು ಅಷ್ಟೇ, ಕಿಟಕಿಯ ಸರಳು, ಹಲಗೆಯ ಕೆಳಗಿನ ಸೀಮೆಸುಣ್ಣದ ತೊಟ್ಟಿ, ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ಕೋಟಿಗೆ ಒರೆಸಿಕೊಳ್ಳದೆ ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು.

ಆರು, ಅಂದರು ಮೇಷ್ಟ್ರು, ನಾಲ್ಕು ಒಂಬತ್ತು, ಎರಡು ಏಳು ಐದು, ಎಂಟು ಮೂರು ಆರು ಒಂಬತ್ತು — ಹಲಗೆಗೆ ನೇತು ಹಾಕಿದ ಚಾರ್ಟಿನಲ್ಲಿ ಮೇಲೆ ಬೊಗಸೆಯಷ್ಟು ದೊಡ್ಡ ಅಂಕಿ, ಕೆಳಗಿಳಿದ ಹಾಗೆ ಸಣ್ಣದಾಗುತ್ತ ಕಡೆಯ ಸಾಲು ಸಾಸಿವೆ, ಅದನ್ನೂ ಅವರು ಗಡಗಡನೆ ಹೇಳಿ ಮುಗಿಸಿದರು, ಒಂದೂ ತಪ್ಪಿಲ್ಲ. ಎಪ್ಪತ್ತಮೂರು ವರ್ಷಕ್ಕೆ ಈ ದೃಷ್ಟಿಯೇ, ಅವಳ ಪೆನ್ನು ಚೀಟಿಯ ಮೇಲೆ ಸರಿ ಎಂದು ಗುರುತು ಹಾಕಲು ಇಳಿದು ಅರ್ಧದಲ್ಲೇ ನಿಂತಿತು, ಏನೋ ಸರಿಯಿಲ್ಲ, ಓದುವವರು ಹೀಗೆ ಓದುವುದಿಲ್ಲ, ಓದುವವರು ಮುಖ ಮುಂದೆ ಚಾಚುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಎಂಟೋ ಮೂರೋ ಎಂದು ತಡವರಿಸುತ್ತಾರೆ, ಇವರ ಗದ್ದ ಮೇಲಿದೆ, ಚಾರ್ಟಿಗಿಂತ ಒಂದು ಗೇಣು ಮೇಲೆ, ತೊಲೆಯ ಕಡೆಗೆ, ಮಗ್ಗಿ ಒಪ್ಪಿಸುವ ಮಕ್ಕಳ ಗದ್ದ — ಅವಳಿಗೆ ಗೊತ್ತಾಯಿತು, ಕಾಣದ್ದನ್ನು ಕಂಡ ಹಾಗೆ ನಟಿಸುವ ಈ ಗದ್ದ ಒಂದು ಕಾಲಕ್ಕೆ ಅವಳ ಸ್ವಂತದ್ದು. ಮೇಷ್ಟ್ರು ಬೆಳಿಗ್ಗೆಯಿಂದ ಜಗಲಿಯ ಬಾಗಿಲ ಪಕ್ಕದಲ್ಲೇ ಕೂತಿದ್ದರು, ಸರ್ ನೀವು ಮೊದಲು ಹೋಗಿ ಎಂದು ಯಾರು ಹೇಳಿದರೂ ಇರಲಿ ಬಿಡ್ರಯ್ಯಾ ನನಗೇನು ಅವಸರ ಎಂದು ಹಿಂದಕ್ಕೆ ಸರಿಯುತ್ತಿದ್ದರು, ಇಪ್ಪತ್ತು ಜನ ಒಳಗೆ ಬಂದು ಇದೇ ಚಾರ್ಟನ್ನು ಗಟ್ಟಿಯಾಗಿ ಓದಿ ಹೋದರು, ಇಪ್ಪತ್ತು ಸಲ ಅವರು ಹೊರಗೆ ಕೂತು ಕೇಳಿಸಿಕೊಂಡರು.

ಕೇಳಿಸಿಕೊಂಡು ಬರೆಯುವ ವಿದ್ಯೆ ಅವಳಿಗೆ ಹೊಸತೇನಲ್ಲ. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಹಲಗೆ ಅವಳ ಪಾಲಿಗೆ ಬರೀ ಕಪ್ಪಗೆ ಹೊಳೆಯುವ ಕೆರೆ, ಬಿಳಿ ಅಕ್ಷರ ಅದರಲ್ಲಿ ಕರಗಿಹೋಗುತ್ತಿತ್ತು, ಕತ್ತು ಓರೆ ಮಾಡಿ ಒಂದು ಕಣ್ಣು ಕಿರಿದು ಮಾಡಿದರೆ ಸ್ವಲ್ಪ ಹೊತ್ತು ಏನೋ ಕಂಡ ಹಾಗೆ, ಅದಕ್ಕೇ ಹುಡುಗರು ಕೋಳಿ ಎಂದು ಹೆಸರಿಟ್ಟರು, ಕೋಳಿ ಕಾಳು ಕಂಡ್ಯೇನೆ ಎಂದು ಹಿಂದಿನಿಂದ ಕೂಗುತ್ತಿದ್ದವನು ಈಗ ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಅಗೋ ಜಗಲಿಯಲ್ಲೇ ಇದ್ದಾನೆ, ರೆಪ್ಪೆಯ ಮೇಲೆಲ್ಲ ಹಿಟ್ಟು. ಆದರೆ ಗಿಣಿ ಇದ್ದಳಲ್ಲ, ಬಾಯಲ್ಲಿ ಹೇಳಿಕೊಳ್ಳದೆ ಒಂದಕ್ಷರ ಬರೆಯಲಾರದ ಗಿಣಿ, ಅವಳು ಗೊಣಗಿದ್ದನ್ನೆಲ್ಲ ಇವಳು ಇಳಿಸಿಕೊಂಡಳು, ಗಣಿತ ವಿಜ್ಞಾನ ಇತಿಹಾಸ ಎಲ್ಲ ಗಿಣಿಯ ಬಾಯಿಂದಲೇ ಬಂತು, ವಿಜ್ಞಾನದ ಮೇಡಮ್ಮು ಗಾಜಿನ ಸೀಸೆಯ ಕಪ್ಪೆ ತೋರಿಸಿದಾಗ ಹತ್ತಿರದಿಂದ ನೋಡಿ ಇಷ್ಟು ಚೆಂದ ಇದೆಯಲ್ಲ ಎಂದು ಬೆರಗಾದವಳು ಇವಳೊಬ್ಬಳೇ, ಉಳಿದವರು ಥೂ ಎಂದು ಮುಖ ಸಿಂಡರಿಸಿದರು — ಕಾಣುವುದಿಲ್ಲ ಎಂದು ಬಾಯಿಬಿಟ್ಟು ಹೇಳಬಹುದಿತ್ತು, ಹೇಳಲಿಲ್ಲ, ಹೇಳಿದರೆ ಶಾಲೆ ಬಿಡಿಸುತ್ತಾರೆಂಬ ಭಯ, ದೊಡ್ಡಮ್ಮನ ಮಗಳಿಗೆ ಹಾಗೇ ಆಗಿತ್ತು.

ಒಂದು ದಿನ ಗಿಣಿಗೆ ಜ್ವರ. ಮೇಷ್ಟ್ರು ಸದ್ದಿಲ್ಲದೆ ಹಲಗೆ ತುಂಬ ಲೆಕ್ಕ ಬರೆದರು, ಆಗೆಲ್ಲ ಅವರದು ಮೂಕ ಬರವಣಿಗೆ, ಸೀಮೆಸುಣ್ಣದ ಕಿರ್ ಕಿರ್ ಬಿಟ್ಟರೆ ಕೋಣೆಯಲ್ಲಿ ನೊಣ ಹಾರಿದರೂ ಕೇಳಬೇಕು, ಇವಳು ಖಾಲಿ ಹಾಳೆ ಕಂಡರೆ ಬೈಯುತ್ತಾರೆಂದು ಹಿಂದಿನ ದಿನದ ಲೆಕ್ಕವನ್ನೇ ಅಂದವಾಗಿ ಇನ್ನೊಮ್ಮೆ ಬರೆದಿಟ್ಟಳು, ಮೇಷ್ಟ್ರು ಸಾಲಿನಲ್ಲಿ ಬಂದರು, ನೋಟ್‌ಬುಕ್ ಎತ್ತಿಕೊಂಡರು, ಹಲಗೆ ನೋಡಿದರು, ನೋಟ್‌ಬುಕ್ ನೋಡಿದರು, ಅವಳ ಓರೆ ಕತ್ತು ನೋಡಿದರು, ಮುಚ್ಚಿ ಮೆಲ್ಲಗೆ ಕೆಳಗಿಟ್ಟು ಮುಂದೆ ಹೋದರು. ಮಾರನೆಯ ದಿನದಿಂದ ಮೇಷ್ಟ್ರಿಗೆ ಬಾಯಿ ಬಂತು. ಎಕ್ಸ್ ಸ್ಕ್ವೇರ್, ಪ್ಲಸ್ ಐದು ಎಕ್ಸ್, ಆವರಣ ಬಿಡಿಸೋಣ, ಕೆಳಗಿನ ಸಾಲಿಗೆ ಬಂದೆ ನೋಡಿ — ಬರೆದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ, ಅಡ್ಡಗೆರೆ ಎಳೆದರೆ ಅಡ್ಡಗೆರೆ ಎಂದು ಕೂಗುತ್ತ, ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು, ವಾರದೊಳಗೆ ರೇಡಿಯೊ ಮೇಷ್ಟ್ರು ಎಂದು ಹೆಸರು ಬಿತ್ತು, ಬಿದ್ದದ್ದು ಇವತ್ತಿಗೂ ಎದ್ದಿಲ್ಲ. ಈಗಲೂ ಜಗಲಿಯಲ್ಲಿ ಅದೇ ನಡೆದಿದೆ, ಗಿರಣಿಯವನು ಗಂಟಲು ಸರಿಮಾಡಿಕೊಂಡು ಆವರಣ ಬಿಡಿಸೋಣ ಅನ್ನುತ್ತಾನೆ, ಜಗಲಿಗೆ ಜಗಲಿಯೇ ನಗುತ್ತದೆ, ಅಲ್ಲಾ ಅದ್ಯಾಕೆ ಹಾಗೆ ಕೂಗ್ತಿದ್ರು ಅಂತೀನಿ ಎಂದು ಯಾರೋ ಕೇಳುತ್ತಾರೆ, ಹೆಂಡ್ತಿ ಮನೇಲಿ ಬಾಯಿ ತೆಗೆಯೋಕೆ ಬಿಡ್ತಿರಲಿಲ್ಲ ಕಣೋ ಅನ್ನುತ್ತಾನೆ ಗಿರಣಿಯವನು, ನನಗೆ ಗೊತ್ತು ನಿದ್ದೆ ಮಾಡೋರನ್ನ ಎಬ್ಬಿಸೋಕೆ ಎಂದು ಹಾಲಿನ ವ್ಯಾನಿನ ಡ್ರೈವರು, ಯಾರಿಗೂ ಗೊತ್ತಿಲ್ಲ. ಅವಳಿಗೂ ಖಚಿತವಿಲ್ಲ, ಮೂವತ್ತೊಂದು ವರ್ಷದಿಂದ ತನಗಾಗಿ ಎಂದೇ ನಂಬಿಕೊಂಡಿದ್ದಾಳೆ, ಮೇಷ್ಟ್ರು ಒಮ್ಮೆ ಮನೆಗೂ ಬಂದಿದ್ದರು, ಕಣ್ಣು ತೋರಿಸಿ ಅಂದಿದ್ದರು, ಹೆಣ್ಣು ಹುಡುಗಿಗೆ ಕನ್ನಡಕ ಹಾಕಿಸಿದ್ರೆ ಯಾರು ಮಾಡ್ಕೋತಾರೆ ಸಾರ್ ಎಂದು ಅಪ್ಪ ಎರಡು ವರ್ಷ ಎಳೆದ, ಆ ಎರಡು ವರ್ಷವೂ ರೇಡಿಯೊ ನಿಲ್ಲಲಿಲ್ಲ — ಆದರೂ ಕೇಳಿ ತಿಳಿದದ್ದಲ್ಲ, ಕೇಳುವ ಧೈರ್ಯ ಬಂದ ಮೇಲೆ ಅವರು ಎದುರು ಸಿಕ್ಕಿಲ್ಲ, ಸಿಕ್ಕಿದ್ದಾರೆ ಈಗ, ಸಿಕ್ಕಿರುವುದು ಹೀಗೆ.

ಸರ್, ಕೆಳಗಿಂದ ಎರಡನೇ ಸಾಲು ಬಲಗಡೆಯಿಂದ ಓದಿ ನೋಡೋಣ, ಅಂದಳು. ಬಾಯಿಪಾಠ ಹಿಂದಕ್ಕೆ ನಡೆಯುವುದಿಲ್ಲ ಎಂದುಕೊಂಡಿದ್ದಳು. ಮೇಷ್ಟ್ರ ತುಟಿ ಒಂದು ಗಳಿಗೆ ಒಳಗೊಳಗೇ ಆಡಿತು, ಏಳು ನಾಲ್ಕು ಒಂಬತ್ತು ಎರಡು ಐದು, ಅಂದರು, ಅಂದು ಸಣ್ಣಗೆ ನಕ್ಕರು, ಭೂಪ, ಲೆಕ್ಕದ ಮೇಷ್ಟ್ರನ್ನು ಹಿಡಿಯಲು ಹೊರಟೆನಲ್ಲ ಎಂದು ಅವಳಿಗೂ ನಗು ಉಕ್ಕಿತು, ಬಗ್ಗಿ ಟಾರ್ಚು ಬಿಟ್ಟಳು, ಬಿಟ್ಟೊಡನೆ ನಗು ಇಳಿಯಿತು. ಎರಡು ಪಾಪೆಯಲ್ಲೂ ಗಂಜಿ ತಿಳಿ ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ, ಪೊರೆ, ಮಾಗಿದ ಪೊರೆ, ಬೆಳಕು ಕತ್ತಲು ಬಿಟ್ಟರೆ ಇವರಿಗೆ ಹೆಚ್ಚೇನೂ ಕಾಣದು, ಈ ಕಣ್ಣಲ್ಲಿ ಊರ ರಸ್ತೆ ದಾಟಿ ಇಲ್ಲಿಗೆ ಹೇಗೆ ಬಂದರು. ಕಣ್ಣು ಚೆನ್ನಾಗಿದೆ ಅಂತ ಒಂದು ಚೀಟಿ ಬರ್ಕೊಡಮ್ಮಾ ಸಾಕು, ಎಂದು ದನಿ ತಗ್ಗಿಸಿದರು ಮೇಷ್ಟ್ರು, ಮನೇಲಿ ಮಗಳ ಕಾಟ, ಅವಳ ಬಾಯಿ ಮುಚ್ಚಿಸಬೇಕು, ಒಂಬತ್ತು ಮಕ್ಕಳು ಬರ್ತಾರೆ ಪಾಠಕ್ಕೆ, ಈ ಸಲ ಪರೀಕ್ಷೆ ಅವಕ್ಕೆ, ಮೇಷ್ಟ್ರಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ನಾಳೆಯಿಂದ ಯಾರು ಕಳಿಸ್ತಾರೆ ಹೇಳು. ಬರೆದುಕೊಟ್ಟರೆ ಇನ್ನು ಆರು ತಿಂಗಳಲ್ಲಿ ಪೊರೆ ಬಿರಿದು ಕಣ್ಣೇ ಹೋಗಬಹುದು, ಬರೆಯದಿದ್ದರೆ ಹೊರಗೆ ಕೂತಿರುವ ಅರ್ಧ ಊರು, ಎಲ್ಲ ಅವರ ಕೈಯಲ್ಲೇ ಕಲಿತವರು, ರೇಡಿಯೊ ಕದ್ದು ಕೇಳಿಸಿಕೊಂಡು ಪಾಸಾಗೋಕೆ ಬಂದಿತ್ತಂತೆ ಎಂದು ಸಂಜೆಯೊಳಗೆ ಕಥೆ ಕಟ್ಟುತ್ತಾರೆ, ನಗುವುದು ಪ್ರೀತಿಯಿಂದಲೇ, ಆದರೂ ನಗುತ್ತಾರೆ, ಆಮೇಲೆ ಮೇಷ್ಟ್ರ ಮನೆಯ ಪಾಠಕ್ಕೆ ಮಕ್ಕಳನ್ನು ಯಾರು ಕಳಿಸುತ್ತಾರೆ.

ಬಾಗಿಲು ಹಾಕ್ತೀನಿ, ಗಾಳಿಗೆ ಚಾರ್ಟು ಅಲ್ಲಾಡ್ತಿದೆ, ಎಂದು ಹೊರಗಿನವರಿಗೆ ಹೇಳಿ ಅಗುಳಿ ಹಾಕಿದಳು. ಚಾರ್ಟಿನ ಹಿಂಬದಿಗೆ ಬೇರೆ ಅಂಕಿಗಳಿವೆ, ಇಂಥ ಜಾಣರಿಗೆಂದೇ ಇರುವುದು, ತಿರುಗಿಸಿ ಹಾಕಿದರೆ ತಾವೇ ಸಿಕ್ಕಿಬೀಳುತ್ತಾರೆ, ಆಗ ಮೆಲ್ಲಗೆ ಹೇಳಿದರಾಯಿತು, ಬೇರೆ ಯಾರಿಗೂ ತಿಳಿಯದ ಹಾಗೆ — ಹಲಗೆಯ ಹತ್ತಿರ ಹೋದಳು, ರಟ್ಟನ್ನು ಮೊಳೆಯಿಂದ ಬಿಡಿಸಿ ಕೈಗೆ ತೆಗೆದುಕೊಂಡಳು, ತಿರುಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ದನಿ ಬಂತು, ಈಗ ಎಡಗಣ್ಣು ಮುಚ್ಚಿದ್ದೀನಿ ಕಣಮ್ಮಾ ಹೇಳಲಾ, ಅಂದರು, ಅವಳು ಹೂಂ ಅನ್ನುವ ಮೊದಲೇ ಶುರು ಮಾಡಿದರು, ಆರು. ನಾಲ್ಕು ಒಂಬತ್ತು. ಅವಳು ತಿರುಗಿ ನಿಂತಳು. ಎರಡು ಏಳು ಐದು, ಚಾರ್ಟು ಅವಳ ಎದೆಗೆ ಅವುಚಿಕೊಂಡಿದೆ, ಹಲಗೆ ಖಾಲಿ, ಉದ್ದಕ್ಕೂ ಕಪ್ಪು, ಎಂಟು ಮೂರು ಆರು ಒಂಬತ್ತು, ಕಡೆಯಿಂದ ಎರಡನೇ ಬೆಂಚಿನ ಜಾಗದಲ್ಲಿ ಕೂತ ಮೇಷ್ಟ್ರು ಗದ್ದ ಎತ್ತಿ ಖಾಲಿ ಹಲಗೆಯಿಂದ ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಓದುತ್ತಿದ್ದಾರೆ, ಸಣ್ಣ ಅಂಕಿ ಬಂದಾಗ ಕಷ್ಟಪಟ್ಟವರ ಹಾಗೆ ಕಣ್ಣು ಬೇರೆ ಕಿರಿದು ಮಾಡುತ್ತಿದ್ದಾರೆ, ಮೂರು ಎಂಟು ಆರು ಎರಡು ಐದು ಒಂಬತ್ತು, ಅಷ್ಟೇ ಅಲ್ವೇನಮ್ಮಾ, ಅಂದರು.

ಸರ್, ಚಾರ್ಟು ನನ್ನ ಕೈಲಿದೆ, ಅಂದಳು ಅವಳು. ಮೇಷ್ಟ್ರು ಅಂಗೈ ಇಳಿಸಿದರು. ಹೊರಗೆ ಯಾರೋ ಕೆಮ್ಮಿದರು, ಕಿಟಕಿಯಾಚೆ ನೀರಿನ ಪಂಪು ಗುಡುಗುಡು ಅನ್ನುತ್ತಿತ್ತು, ಯಾವ ಸಾಲಿಂದ, ಎಂದು ಕೇಳಿದರು, ಮೊದಲನೇ ಸಾಲಿಂದಲೇ ಸರ್, ಅಂದಳು, ಅವರ ಭುಜ ಅಲ್ಲಾಡತೊಡಗಿತು, ಅಳುತ್ತಿದ್ದಾರೇನೋ ಎಂದು ಅವಳು ಬಗ್ಗಿ ನೋಡಿದಳು, ಅಳುವಲ್ಲ, ಸದ್ದಿಲ್ಲದ ನಗು, ನಕ್ಕು ನಕ್ಕು ಮೂಗು ಒರೆಸಿಕೊಂಡು, ನೀನಾದ್ರೂ ಹಿಂದಿನ ದಿನದ ಲೆಕ್ಕ ಸರಿಯಾಗಿ ಬರೆದಿದ್ದೆ ಕಣೇ ಕೋಳಿ, ಅಂದರು. ಗೊತ್ತಿತ್ತಾ ಸರ್ ನಾನು ಅಂತ. ಮಾಡಿ ಸರ್ ಅಂದಾಗ ದನಿ ಎಲ್ಲೋ ಕೇಳಿದ ಹಾಗಿತ್ತು ಅಷ್ಟೇ, ಯಾರಿಗೂ ಕಾಣದ ಹಾಗೆ ಬಾಗಿಲು ಹಾಕಿದೆಯಲ್ಲ ಆಗ ಗೊತ್ತಾಯ್ತು, ತಾನೂ ಬಚ್ಚಿಟ್ಟವಳಿಗೇ ಅದು ಹೊಳೆಯೋದು. ಅವಳು ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು, ಮೂವತ್ತೊಂದು ವರ್ಷ ನಾಲಗೆಯ ಹಿಂದೆ ಇಟ್ಟುಕೊಂಡದ್ದನ್ನು ಕೇಳಿದಳು, ನನಗೋಸ್ಕರಾನಾ ಸರ್ ಅಷ್ಟು ಕೂಗ್ತಿದ್ದದ್ದು. ಮತ್ತಿನ್ಯಾರಿಗೆ, ನನಗೇನು ಹುಚ್ಚೇ, ಅಂದರು ಮೇಷ್ಟ್ರು, ಎರಡು ವರ್ಷ ಗಂಟಲು ಕೆಟ್ಟು ಬಿಸಿನೀರಲ್ಲೇ ಬದುಕಿದೆ, ಅಭ್ಯಾಸವಾಗಿ ಆಮೇಲೆ ಬಿಡೋಕೇ ಆಗಲಿಲ್ಲ ಅನ್ನು. ಅವಳು ಕನ್ನಡಕ ತೆಗೆದು ಒರೆಸಿದಳು, ಒರೆಸುವಷ್ಟು ಹೊತ್ತು ಕೋಣೆ ಕರಗಿ ಕೆರೆಯಾಯಿತು, ಹಾಕಿಕೊಂಡಳು, ಗುರುವಾರ ಆಪರೇಷನ್ ಸರ್, ಹತ್ತು ನಿಮಿಷದ ಕೆಲಸ, ನಾನೇ ಪಕ್ಕದಲ್ಲಿ ಇರ್ತೀನಿ. ಮಕ್ಕಳ ಪಾಠ, ಅಂದರು ಅವರು. ಕಣ್ಣು ಸರಿಹೋಗೋವರೆಗೂ ಮಕ್ಕಳೇ ಹಲಗೆ ಮೇಲೆ ಬರೀಲಿ, ನೀವು ಬಾಯಲ್ಲಿ ಹೇಳಿ, ರೇಡಿಯೊಗೆ ಯಾರಾದ್ರೂ ಕಣ್ಣಿದೆಯಾ ಅಂತ ಕೇಳ್ತಾರಾ ಸರ್. ಎಲಾ ಇವಳಾ, ಅಂದರು ಮೇಷ್ಟ್ರು, ಮೊಣಕಾಲಿಗೊಂದು ತಟ್ಟಿಕೊಂಡು, ಬರಿ, ಅಂದರು, ಅವಳು ಬರೆದಳು, ಎರಡು ಕಣ್ಣಿಗೂ ಪೊರೆ, ಗುರುವಾರ, ಬರೆಯುತ್ತ ಬರೆಯುತ್ತ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳಿದಳು.

ತೋಳು ಹಿಡಿದು ಬಾಗಿಲವರೆಗೆ ತಂದು ಬಿಟ್ಟಳು. ಏನ್ ಸಾರ್ ಪಾಸೋ ಫೇಲೋ, ಎಂದು ಕೂಗಿದ ಗಿರಣಿಯವನು, ಮೇಷ್ಟ್ರು ಹೊಸ್ತಿಲ ಮೇಲೆ ನಿಂತು ತರಗತಿಗೆಲ್ಲ ಕೇಳುವ ಆ ಹಳೆಯ ದನಿಯಲ್ಲಿ, ಫೇಲು ಕಣಯ್ಯಾ, ಎರಡು ಕಣ್ಣಲ್ಲೂ ಫೇಲು, ಲೆಕ್ಕದಲ್ಲಿ ಫೇಲಾದ ನಿನ್ನ ಜೊತೆಗೇ ಬಂದುಬಿಟ್ಟೆ, ಅಂದರು, ಜಗಲಿ ಗೊಳ್ಳೆಂದಿತು, ಗಿರಣಿಯವನೇ ಎದ್ದು ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದ, ಇದೊಂದು ಮೆಟ್ಟಿಲು ಸಾರ್, ಇನ್ನೊಂದು ಸಾರ್, ಆಯ್ತು ಸಾರ್, ಬಾಯಲ್ಲಿ ಹೇಳಿ ಹೇಳಿ ಇಳಿಸಿದ, ತಾನು ಏನು ಮಾಡುತ್ತಿದ್ದೇನೆಂದು ಅವನಿಗೇ ತಿಳಿಯದು. ಅವಳು ಒಳಗೆ ಬಂದಳು, ಇನ್ನೂ ಮೂವತ್ತು ಜನರಿದ್ದಾರೆ, ಬುತ್ತಿ ಬಿಚ್ಚಿಲ್ಲ, ಗಂಡನಿಗೆ ಹೇಳಬೇಕು, ಗಿಣಿಗೂ ಫೋನು ಮಾಡಬೇಕು, ಏನೇ ಗೊಣಗುಬುರುಕಿ ಕೇಳಿಲ್ಲಿ ಎಂದು, ಏನೆಂದು ಹೇಳುವುದು, ನನಗೋಸ್ಕರವೇ ಅಂತೆ ಎಂದೇ, ಮತ್ತಿನ್ಯಾರಿಗೆ ಅಂದರು ಎಂದೇ, ಖಾಲಿ ಹಲಗೆ ನೋಡಿಕೊಂಡು ಓದಿದರು ಎಂದೇ — ಹಾಲಿನ ವ್ಯಾನಿನ ಡ್ರೈವರು ಬಂದು ಕುರ್ಚಿಯಲ್ಲಿ ಕೂತ, ಅಂಗೈಯಿಂದ ಕಣ್ಣು ಮುಚ್ಚಿಕೊಂಡ, ಸಿಸ್ಟರ್ ಏನ್ ಓದಲಿ, ಅಲ್ಲಿ ಏನೂ ಇಲ್ವಲ್ಲ, ಅಂದ. ಇಲ್ಲ ಹೌದು, ಹಾಕಬೇಕು, ಚಾರ್ಟು ಮೇಜಿನ ಮೇಲಿದೆ, ಕೈ ಚಾಚಿದರೆ ಸಿಗುತ್ತದೆ, ಖಾಲಿ ಹಲಗೆ, ಎತ್ತಿದ ಗದ್ದ, ಸಿಸ್ಟರ್, ಅಂದ ಅವನು, ಬಂದೆ ಇರು, ಅಂದಳು, ನಾಲ್ಕು ಒಂಬತ್ತು, ಎರಡು ಏಳು ಐದು, ಖಾಲಿ ಕಪ್ಪು ಹಲಗೆ, ಅದರೆದುರು ಎತ್ತಿದ ಗದ್ದ, ಒಂದೂ ತಪ್ಪಿಲ್ಲದೆ ಓದುತ್ತಿರುವ ಮೇಷ್ಟ್ರು, ಅವಳ ಕಣ್ಣೆದುರಿಂದ ಹೋಗುತ್ತಲೇ ಇಲ್ಲ, ಖಾಲಿ ಹಲಗೆ.