ಒಂದೇ ಗುಂಡಿನ ವಾಲು

ವರ್ನ್ ಲೋಬ್ ಒಳ್ಳೆಯ ಕೆಲಸಗಾರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಿಂದ ಬರುವುದಿಲ್ಲ. ಮೇರಿಬರೋ ಊರಿನಲ್ಲಿ ನಮ್ಮಿಬ್ಬರದೂ ಒಂದೇ ಶೆಡ್ಡು, ಎರಡು ಲೇತು. ನಾನು ಕಬ್ಬಿಣ ಕಡೆಯುತ್ತಿದ್ದೆ, ಅವನು ಮರ. ಕ್ಲಬ್ಬಿನ ಹುಲ್ಲಂಗಳದಲ್ಲಿ ಉರುಳಿಸುವ ಮರದ ಗುಂಡುಗಳಿಗೆಲ್ಲ ಅವನೇ ವೈದ್ಯ.

ಅಂಗಳದ ಆ ತುದಿಯಲ್ಲಿಟ್ಟ ಪುಟ್ಟ ಬಿಳಿ ಚೆಂಡಿನ ಹತ್ತಿರ ಗುಂಡನ್ನು ನಿಲ್ಲಿಸುವುದೇ ಆಟ. ಆದರೆ ಈ ಗುಂಡು ನೆಟ್ಟಗೆ ಉರುಳುವುದಿಲ್ಲ. ಲೇತಿಗೆ ಏರಿಸಿದಾಗ ಒಂದು ಪಕ್ಕವನ್ನು ಕೂದಲೆಳೆಯಷ್ಟು ಹೆಚ್ಚು ಕೆರೆದಿರುತ್ತಾರೆ. ಓಟ ನಿಧಾನವಾಗುತ್ತಿದ್ದಂತೆ ಅದು ಒಂದು ಕಡೆಗೆ ವಾಲುತ್ತದೆ. ವಾಲುವ ಕಡೆ ಕೊರೆದ ಸಣ್ಣ ಬಳೆಯ ಗುರುತು, ಇನ್ನೊಂದು ಕಡೆ ದೊಡ್ಡದು. ತಿರುಗಾಮುರುಗಾ ಹಿಡಿದು ಬಿಟ್ಟರೆ ಗುಂಡು ಪಕ್ಕದವರ ಆಟಕ್ಕೆ ನುಗ್ಗುತ್ತದೆ, ಆಗ ಬೇಲಿಯಲ್ಲಿ ಕಟ್ಟಿದ ದನದ ಗಂಟೆ ಬಾರಿಸುತ್ತಾರೆ. ಹೆಂಡತಿ ಓಡಿಹೋದವನನ್ನು ನೋಡಿದರೂ ನಮ್ಮೂರವರು ಅಷ್ಟು ನಗುವುದಿಲ್ಲ.

ಕ್ಲಬ್ಬಿನ ಹಳೆಯ ಆಟಗಾರ, ಮುದುಕ ಹೊರಿ ಟ್ರಿಗ್ ಈ ಬಳೆಯನ್ನು ನೋಡುತ್ತಿರಲಿಲ್ಲ, ಸವರುತ್ತಿದ್ದ. ಅವನ ಕಣ್ಣು ಮುಕ್ಕಾಲು ಹೋಗಿತ್ತು. ಸಾಮಿಲ್ಲಿನಲ್ಲಿ ಗರಗಸದ ಹಲ್ಲುಗಳನ್ನು ಹರಿತ ಮಾಡುವ ಕೆಲಸ ಅವನದು, ಅದನ್ನೂ ಹೆಬ್ಬೆರಳಿನಿಂದ ಮುಟ್ಟಿ ನೋಡಿಯೇ ಮಾಡುತ್ತಿದ್ದ.

"ನನ್ನ ಕಣ್ಣು ಇಲ್ಲಿದೆ ಕಣೋ ಬ್ಲೂ," ಎಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ನನ್ನ ತಲೆಕೂದಲು ಕೆಂಪು, ನಮ್ಮ ಕಡೆ ಕೆಂಪು ಕೂದಲಿನವರನ್ನು ತಮಾಷೆಗೆ ನೀಲಿ ಅಂತ ಕರೆಯುತ್ತಾರೆ, ಅದಕ್ಕೇ ನಾನು ಬ್ಲೂ.

ಬೆರಳು ಸುಳ್ಳು ಹೇಳದಿರುವ ತನಕ ಕೆಲಸ ಇರುತ್ತದೆ ಎಂದು ಮಿಲ್ಲಿನ ಮ್ಯಾನೇಜರ್ ಅವನಿಗೆ ಹೇಳಿದ್ದ. ಹೊರಿಯ ಹೊಟ್ಟೆಪಾಡೆಲ್ಲ ಆ ಬೆರಳಿನ ಮೇಲೆಯೇ ನಿಂತಿತ್ತು.

ವರ್ಷವರ್ಷವೂ ಈಸ್ಟರ್ ಪಂದ್ಯದ ಕೊನೆಯ ಆಟದಲ್ಲಿ ವರ್ನ್ ಈ ಹೊರಿಯ ಕೈಲೇ ಸೋಲುತ್ತಿದ್ದ. "ಕುರುಡನ ಕೈಲಿ ಒದೆ ತಿಂದ್ಯಾ?" ಎಂದು ಹೋಟೆಲಿನಲ್ಲಿ ಬಿಯರು ಹೀರುವವರು ಕೇಳುತ್ತಿದ್ದರು. ಅದು ಅವನ ಎದೆಯಲ್ಲಿ ಕೂತುಬಿಟ್ಟಿತ್ತು.

ಆ ವರ್ಷ ವರ್ನ್ ತಾನಾಗಿಯೇ ಹೊರಿಯ ಹತ್ತಿರ ಹೋದ. "ನಿನ್ನ ಗುಂಡು ಬಿರುಕು ಬಿಡ್ತಿವೆ ಕಣಯ್ಯ. ಕೊಡು, ಲೇತಿಗೆ ಹಾಕಿ ಹೊಳಪು ಮಾಡಿಕೊಡ್ತೀನಿ. ಕಾಸು ಬೇಡ."

"ಏನಪ್ಪ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ಮುದುಕರ ಸೇವೆ ಮಾಡಿದ್ರೆ ಸ್ವರ್ಗ ಸಿಗುತ್ತಂತೆ."

ಪಂದ್ಯದ ದಿನ ಬೆಳಿಗ್ಗೆಯಷ್ಟೇ ನಾಲ್ಕೂ ಗುಂಡು ವಾಪಸ್ಸು ಬಂದವು. ಎದುರಾಳಿಯ ದೊಡ್ಡ ಮನಸ್ಸನ್ನು ಎಲ್ಲರೂ ಹೊಗಳಿದರು.

ಹೊರಿಗೆ ಗುರಿ ಮಸುಕಾಗಿಯಾದರೂ ಕಾಣಲೆಂದು ನಾನು ಅಂಗಳದ ಆ ತುದಿಯಲ್ಲಿ ಬಿಳಿ ಕರವಸ್ತ್ರ ಹಿಡಿದು ನಿಂತಿದ್ದೆ. ಮೊದಲ ಸರದಿಯಲ್ಲಿ ಮೂರು ಗುಂಡು ಚೆನ್ನಾಗಿ ಬಂದವು, ನಾಲ್ಕನೆಯದು ಪಕ್ಕದ ಆಟಕ್ಕೆ ನುಗ್ಗಿತು. ಗಂಟೆ ಬಾರಿಸಿದರು. ಹೊರಿಯೂ ನಕ್ಕ. ಮುಂದಿನ ಸರದಿಯಲ್ಲೂ ಒಂದು ಹಾಗೇ ಹೋಯಿತು. ಆಮೇಲೆ ಅವನು ಗುಂಡು ಹಿಡಿದು ಬಹಳ ಹೊತ್ತು ಬಳೆ ಸವರುತ್ತ ನಿಂತ. ಕೊನೆಗೆ ತನ್ನ ಬೆರಳನ್ನು ನಂಬದೆ, ಗುಂಡನ್ನು ಕೈಯಲ್ಲೇ ತಿರುಗಿಸಿ ಬಿಟ್ಟ. ಅದು ಸರಿಯಿದ್ದ ಗುಂಡು. ಅದೂ ತಪ್ಪಿತು. ಅಲ್ಲಿಂದ ಮುಂದೆ ಕೆಲವನ್ನು ತಿರುಗಿಸಿದ, ಕೆಲವನ್ನು ತಿರುಗಿಸಲಿಲ್ಲ. ಗಂಟೆ ನಿಲ್ಲಲೇ ಇಲ್ಲ.

"ಗಂಟೆಗೆ ಹೊಸ ಹಗ್ಗ ತರಬೇಕಾಗುತ್ತೆ ಕಣ್ರೋ!" ಎಂದು ವರ್ನ್ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಲ್ಲಿನ ಮ್ಯಾನೇಜರ್ ಮಾತ್ರ ನಗದೆ ಹೊರಿಯ ಕೈಯನ್ನೇ ನೋಡುತ್ತಿದ್ದ.

ಆದರೆ ಮ್ಯಾನೇಜರ್ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ರಜೆ ಮುಗಿದು ಮಿಲ್ಲಿಗೆ ಹೋದ ಹೊರಿ, ಹಲ್ಲು ಉಜ್ಜುವ ಅರವನ್ನು ತಾನೇ ಕೆಳಗಿಟ್ಟ. "ಹಲ್ಲು ಹರಿತ ಆಗಿದೆ ಅನ್ನಿಸುತ್ತೆ. ಅನ್ನಿಸಿದ್ದು ನಿಜ ಅಂತ ಯಾರು ಹೇಳ್ಬೇಕು?" ಎಂದು ಕೋಟು ಹಾಕಿಕೊಂಡು ಮನೆಗೆ ಹೋದ. ಗುಂಡುಗಳನ್ನು, ಬಡಗಿಗಳ ಕೊಡತಿಗಾದರೂ ಆಗಲಿ ಎಂದು ನಮ್ಮ ಶೆಡ್ಡಿಗೆ ಕಳಿಸಿದ.

ಅವು ಬಂದಾಗ ವರ್ನ್ ಊಟಕ್ಕೆ ಹೋಗಿದ್ದ. ಸುಮ್ಮನೆ ಸಿಮೆಂಟು ನೆಲದ ಮೇಲೆ ಉರುಳಿಸಿ ನೋಡಿದೆ. ಮೂರು ಸಣ್ಣ ಬಳೆಯ ಕಡೆಗೆ ವಾಲಿದವು. ಒಂದು ದೊಡ್ಡ ಬಳೆಯ ಕಡೆಗೆ ವಾಲಿತು. ಮತ್ತೆ ಉರುಳಿಸಿದೆ. ಮತ್ತೆ ಹಾಗೇ.

"ಏನ್ ಬ್ಲೂ, ಆಟ ಕಲೀತಿದ್ದೀಯಾ?" ವರ್ನ್ ಬಾಗಿಲಲ್ಲಿ ನಿಂತು ಮಾಂಸದ ಪೈ ತಿನ್ನುತ್ತಿದ್ದ.

"ಇದರ ವಾಲು ತಿರುಗಿಸಿದ್ದು ನೀನು."

"ಹೌದು, ಒಂದೇ ಒಂದರದ್ದು. ಮಿಕ್ಕ ಮೂರನ್ನ ಕೆಡಿಸ್ಕೊಂಡಿದ್ದು ಅವನೇ ಅಲ್ವಾ?"

ನನ್ನ ಮೈ ಉರಿದುಹೋಯಿತು. ಗುಂಡನ್ನು ಅಲ್ಲೇ ಬಿಟ್ಟು ಹೊರಿಯ ಮನೆಗೆ ಓಡಿದೆ. ಬಿಟ್ಟು ಓಡಿದೆನಲ್ಲ, ಎಂಥ ದಡ್ಡ ನಾನು!

ನಾನು ಹೇಳಿದ್ದನ್ನೆಲ್ಲ ಹೊರಿ ತಾಳ್ಮೆಯಿಂದ ಕೇಳಿದ. "ನೀನು ಒಳ್ಳೆಯವನು ಬ್ಲೂ. ಸಮಾಧಾನ ಹೇಳೋಕೆ ಅಂತ ಇಷ್ಟು ದೂರ ಓಡಿಬಂದೆ."

"ಸಮಾಧಾನ ಅಲ್ಲ ಮಾರಾಯ! ನಿನ್ನ ಬೆರಳು ಸರಿಯಾಗೇ ಇದೆ!"

ಅವನ ಮುಖ ಸ್ವಲ್ಪ ಅರಳಿತು. "ಹಾಗಾದ್ರೆ ಆ ಗುಂಡು ತಾ. ನಾನೇ ಉರುಳಿಸ್ತೀನಿ."

ವಾಪಸ್ಸು ಬರುವಾಗ ಲೇತಿನ ಸದ್ದು ರಸ್ತೆಗೇ ಕೇಳಿಸಿತು. ವರ್ನನ ಬೂಟಿನ ಮೇಲೆಲ್ಲ ಗುಂಡಿನ ಮರದ, ಎಣ್ಣೆ ಜಿನುಗುವ ಹಸಿರು ಹೊಟ್ಟು ಬಿದ್ದಿತ್ತು. ಮೂರು ಗುಂಡು ಹಾಗೇ ಬೆಂಚಿನ ಮೇಲಿದ್ದವು. ವಾಲು ತಿರುಗಿಸಿದ್ದ ನಾಲ್ಕನೆಯದನ್ನು ಕಡೆದು, ಹಿಡಿ ಹಾಕಿ, ಕೊಡತಿ ಮಾಡಿ ಆಗಿತ್ತು.

"ಆ ಮೂರನ್ನ ತಗೊಂಡ್ಹೋಗಿ ಉರುಳಿಸಿ ತೋರ್ಸು. ಎಲ್ಲಾ ಸರಿಯಾಗೇ ವಾಲ್ತವೆ," ಎಂದ. ಇನ್ನೂ ಬಿಸಿಯಾಗಿದ್ದ ಕೊಡತಿಯನ್ನು ನನ್ನ ಕೈಗೆ ತುರುಕಿದ. "ಇದನ್ನೂ ಮುದುಕನಿಗೆ ಕೊಡು. ಇದನ್ನ ಯಾವ ಕಡೆ ಹಿಡಿದ್ರೂ ತಪ್ಪಾಗಲ್ಲ."