ವಾಡೆಯ ಮುಂದೆ ನಿಂತ ಗಾಡಿ

ಮೊಪೆಡ್ಡು ಎರಡು ಸಲ ಕೆಮ್ಮಿ, ಊರೆಲ್ಲ ಬಿಟ್ಟು ಸರಿಯಾಗಿ ಗೌಡರ ವಾಡೆಯ ಮುಂದೆಯೇ ಸತ್ತಿತು. ಹಿಂದೆ ಕೂತಿದ್ದ ದುಂಡವ್ವ, ಗಾಡಿ ಪೂರ್ತಿ ನಿಲ್ಲುವ ಮೊದಲೇ ಕೆಳಗಿಳಿದು ಚಪ್ಪಲಿ ಕಳೆದು ಕೈಯಲ್ಲಿ ಹಿಡಿದಳು. ಅರವತ್ತು ವರ್ಷದ ರೂಢಿ. ಅವರ ಕೇರಿಯವರು ಈ ವಾಡೆಯ ಮುಂದೆ ಮೆಟ್ಟಿಕೊಂಡು ಹೋದದ್ದಿಲ್ಲ. ಸೈಕಲ್ ಇದ್ದವರು ಇಳಿದು ನೂಕಿಕೊಂಡೇ ಹೋಗಬೇಕು.

ಮಗ ಸಣ್ಣಪ್ಪ ಮಾಸ್ತರ ಮಾತ್ರ ಯಾವತ್ತೂ ಇಳಿದಿರಲಿಲ್ಲ. ಹಳೆಯ ಗಾಡಿಯೊಂದನ್ನು ಕೊಂಡ ಎಂಟು ದಿನದಿಂದ ಶಾಲೆಗೆ ಕೂತೇ ಹೋಗಿ ಕೂತೇ ಬಂದಿದ್ದ. ಇಂದು ಹಟ ಮಾಡಿ ಅವ್ವನನ್ನೂ ಕೂರಿಸಿಕೊಂಡು ಗುಡಗೇರಿ ಸಂತೆಗೆ ಹೊರಟಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಎಡಗಡೆಯ ಕಟ್ಟೆಯ ಮೇಲೆ ಮಡಿವಾಳಗೌಡರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಕಡೀಕೂ ಇಳದ್ಯಲ್ಲೋ ಮಾಸ್ತರ?"

"ನಾ ಇಳದಿಲ್ರಿ. ಗಾಡಿ ನಿಂತೈತ್ರಿ."

ಗೌಡರ ಆಳು ಭರಮಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದ: "ನಾಕ್ ಹೆಜ್ಜಿ ದೂಕ್ಕೊಂಡ ಹೋಗ್ರಿ, ಬೇವಿನ ಗಿಡದ ಬುಡಕ ನೆರಳೈತಿ. ಅಲ್ಲೇ ರಿಪೇರಿ ಮಾಡ್ಕೋರಿ."

ನಾಲ್ಕು ಹೆಜ್ಜೆ. ಅಪ್ಪ ಜೀವಮಾನವೆಲ್ಲ ಬರಿಗಾಲಲ್ಲಿ ನಡೆದದ್ದೂ ಆ ನಾಲ್ಕು ಹೆಜ್ಜೆಯನ್ನೇ.

"ನೆರಳಾಗ ಕಣ್ಣ ಕಾಣೂದಿಲ್ಲ ಭರಮಣ್ಣ, ಇಲ್ಲೇ ಚೊಲೋ ಐತಿ," ಎಂದವನೇ ಸಣ್ಣಪ್ಪ ಹೆಗಲ ಮೇಲಿನ ಟವೆಲ್ ತೆಗೆದು ವಾಡೆಯ ಮುಂದೆಯೇ ನೆಲಕ್ಕೆ ಹಾಸಿ ಕೂತ.

ಪೆಟ್ರೋಲ್ ಬಂದ್ ಮಾಡಿ, ಕಾರ್ಬೊರೇಟರ್ ಬಿಚ್ಚಿ, ಒಂದೊಂದೇ ಸಾಮಾನನ್ನು ಟವೆಲ್ ಮೇಲೆ ಸಾಲಾಗಿಟ್ಟ. ತಳದ ಬಟ್ಟಲಲ್ಲಿ ಎರೆಮಣ್ಣಿನ ಕೆಸರು. ಪೆಟ್ರೋಲ್ ಚಿಮ್ಮುವ ಹಿತ್ತಾಳೆ ಜೆಟ್ಟಿನ ತೂತು ಸಾಸಿವೆಗಿಂತ ಸಣ್ಣದು, ಅದೇ ಮುಚ್ಚಿಹೋಗಿತ್ತು. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆಂದು ಹುಬ್ಬಳ್ಳಿಯ ಮಿಸ್ತ್ರಿ ಹೇಳಿದ್ದ. ಬಾಯಿಟ್ಟು ಊದಿದ. ಬಾಯೆಲ್ಲ ಪೆಟ್ರೋಲಿನ ಘಾಟು. ಮತ್ತೆ ಊದಿ, ಬಿಸಿಲಿಗೆ ಹಿಡಿದು ನೋಡಿದ. ಆಚೆಯಿಂದ ಬೆಳಕಿನ ಚುಕ್ಕೆ ಕಂಡಿತು.

ಎಲ್ಲ ಜೋಡಿಸಿ, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಪೆಡಲ್ ತುಳಿದ. ಚಕ್ರ ತಿರುಗಿತು, ಗಾಡಿ ಇದ್ದಲ್ಲೇ ಇತ್ತು.

"ಗುಡಗೇರಿ ಎಲ್ಲೀತನಕ ಬಂತಪಾ?" ಗೌಡರು ಕೇಳಿದರು. ಭರಮಪ್ಪ ನಗಲಿಲ್ಲ. ಎಂಜಿನ್ ಶುರುವಾಯಿತು, ಎಕ್ಸಲರೇಟರಿನಿಂದ ಕೈ ಬಿಟ್ಟೊಡನೆ ಆರಿತು.

"ನಾ ಆ ಕಡಿ ನಡದ ಹೋಗಿ ಹತ್ತತೀನಿ ಬಿಡೋ," ದುಂಡವ್ವ ಪಿಸುಗುಟ್ಟಿದಳು.

"ಇಲ್ಲೇ ಇಳದಿ, ಇಲ್ಲೇ ಹತ್ತಬೇಕವ್ವಾ."

ಅವಳು ನಿಧಾನಕ್ಕೆ ಹತ್ತುವ ಮುದುಕಿ. ಅಲ್ಲಿಯವರೆಗೆ ಎಂಜಿನ್ ಆರಬಾರದು. ಸಣ್ಣಪ್ಪ ಕಾರ್ಬೊರೇಟರಿನ ಬಾಜುವಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ತುಳಿದು ನೋಡಿದ, ಕಿವಿಗೊಟ್ಟು ಇನ್ನೂ ಕಾಲು ಸುತ್ತು ತಿರುಗಿಸಿದ. ಈ ಸಲ ಎರಡೂ ಕೈ ಬಿಟ್ಟರೂ ಗಾಡಿ ಟುರ್ ಟುರ್ ಎನ್ನುತ್ತಲೇ ಇತ್ತು. ಸ್ಟ್ಯಾಂಡ್ ತೆಗೆದು ಮುಂದೆ ಕೂತ.

ದುಂಡವ್ವ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ಕಟ್ಟೆ ನೋಡಿದಳು. ಆಮೇಲೆ ಚಪ್ಪಲಿಯನ್ನು ನೆಲಕ್ಕೆ ಒಗೆದು ಮೆಟ್ಟಿಕೊಂಡಳು. ಸೀರೆ ಸರಿಮಾಡಿಕೊಂಡು, ಅವಸರವಿಲ್ಲದೆ, ಒಂದು ಮಗ್ಗುಲಾಗಿ ಹತ್ತಿ ಕೂತಳು.

"ಸಾವಕಾಶ ಹೊಡಿ," ಎಂದಳು.

ಗಾಡಿ ವಾಡೆಯ ಉದ್ದಕ್ಕೂ ನಡಿಗೆಯ ವೇಗದಲ್ಲಿ ಸಾಗಿತು. ಅವಳ ಎರಡೂ ಕಾಲು ಎಡಗಡೆ, ಕಟ್ಟೆಯ ಕಡೆಗೆ ತೂಗುತ್ತಿದ್ದವು.